ಗಾಯ ಆರಿತು, ಆರೈಕೆ ಮುಗಿದಿಲ್ಲ



ನಮ್ಮ ಭದ್ರಾವತಿಯ ಹಳೆಯ ಹೆಸರು ನಿಮಗೆ ಗೊತ್ತೆ? ಬೆಂಕಿಪುರ. ಆ ಹೆಸರಿಗೆ ತಕ್ಕ ಹಾಗೆ ಬೆಂಕಿಯ ಕೆಲಸವೂ ಇಲ್ಲಿಗೇ ಬಂತು. 1923ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು. ನಮ್ಮ ಜನ್ನಾಪುರದ ಎಷ್ಟೋ ಮನೆಗಳ ಅಜ್ಜ, ಅಪ್ಪ ಕಾದ ಕಬ್ಬಿಣದ ಮುಂದೆ ನಿಂತು ದುಡಿದರು.

ಗಂಡಸರು ಕಾರ್ಖಾನೆಯ ಬೆಂಕಿ ಕಂಡರು. ನಾವು ಹೆಂಗಸರು ಮನೆಯ ಬೆಂಕಿ ಕಂಡೆವು. ಒಲೆ, ಗ್ಯಾಸು, ಬಚ್ಚಲ ಹಂಡೆ, ಕುದಿಯುವ ಸಾರು, ಗಂಜಿ ಬಸಿಯುವ ಪಾತ್ರೆ, ಕಾದ ಎಣ್ಣೆ. ದಿನಾ ಇವುಗಳ ಜೊತೆಗೇ ನಮ್ಮ ಬದುಕು. ನಮ್ಮ ದೇಶದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನರಿಗೆ ದೊಡ್ಡ ಸುಟ್ಟಗಾಯ ಆಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಸುಟ್ಟಾಗ ಆಸ್ಪತ್ರೆಗೆ ಓಡುತ್ತೇವೆ. ಪಟ್ಟಿ ಕಟ್ಟುತ್ತಾರೆ. ಕೆಲವು ವಾರ ಕಳೆಯುತ್ತದೆ. ಗಾಯ ಆರುತ್ತದೆ. "ಅಬ್ಬಾ, ಮುಗೀತು" ಅಂತ ಮನೆಯವರೆಲ್ಲ ಉಸಿರು ಬಿಡುತ್ತಾರೆ. ಆದರೆ ಮುಗಿದಿಲ್ಲ. ಗಾಯ ಆರಿದ ಮೇಲೆ ಇನ್ನೊಂದು ಕೆಲಸ ಶುರುವಾಗುತ್ತದೆ. ಆ ಕೆಲಸ ಆಸ್ಪತ್ರೆಗಿಂತ ಹೆಚ್ಚಾಗಿ ಮನೆಯಲ್ಲೇ ನಡೆಯಬೇಕು. ಅದಕ್ಕೆ ಚಾಕು ಬೇಡ, ಸೂಜಿ ಬೇಡ. ಅದು ಏನು ಅಂತ ಈ ಪಾಠದಲ್ಲಿ ಓದೋಣ.

ಚರ್ಮ ಉಬ್ಬುವುದು ಏಕೆ?

ಸೀರೆ ಹರಿದರೆ ನಾವು ಏನು ಮಾಡುತ್ತೇವೆ? ಸೂಜಿ ದಾರ ತಂದು ಹೊಲಿಯುತ್ತೇವೆ. ಅವಸರದಲ್ಲಿ ದಪ್ಪ ದಾರ ಹಾಕಿ, ಒಂದರ ಮೇಲೊಂದು ಹೊಲಿಗೆ ಹಾಕಿದರೆ? ಆ ಜಾಗ ಗಟ್ಟಿಯಾಗುತ್ತದೆ. ಉಬ್ಬಿಕೊಳ್ಳುತ್ತದೆ. ಸುತ್ತಲಿನ ಬಟ್ಟೆಯನ್ನೂ ಎಳೆದು ಸುಕ್ಕು ಮಾಡುತ್ತದೆ.

ಚರ್ಮವೂ ಹಾಗೇ. ಸುಟ್ಟ ಜಾಗವನ್ನು ದೇಹ ತಾನೇ ಹೊಲಿದುಕೊಳ್ಳುತ್ತದೆ. ಅದರ ದಾರದ ಹೆಸರು ಕೊಲಾಜೆನ್. ಗಾಯ ಆಳವಾಗಿದ್ದರೆ ದೇಹ ಬೇಕಾದ್ದಕ್ಕಿಂತ ಹೆಚ್ಚು ದಾರ ಹಾಕುತ್ತದೆ. ಆಗ ಕಲೆ ಉಬ್ಬುತ್ತದೆ. ಕೆಂಪಾಗುತ್ತದೆ ಅಥವಾ ಕಪ್ಪಾಗುತ್ತದೆ. ತುಂಬಾ ನವೆ ಇರುತ್ತದೆ. ಮುಟ್ಟಿದರೆ ಗಟ್ಟಿ.

ಅಷ್ಟೇ ಆಗಿದ್ದರೆ ಅಂದದ ಮಾತಾಗಿತ್ತು. ಆದರೆ ಈ ಕಲೆ ಎಳೆಯುತ್ತದೆ. ಮೊಣಕೈ ಒಳಗೆ ಇದ್ದರೆ ಕೈ ಚಾಚಲು ಬಿಡುವುದಿಲ್ಲ. ಕಂಕುಳಲ್ಲಿ ಇದ್ದರೆ ಕೈ ಎತ್ತಲು ಬಿಡುವುದಿಲ್ಲ. ಕುತ್ತಿಗೆಯಲ್ಲಿ ಇದ್ದರೆ ಗದ್ದವನ್ನು ಎದೆಗೆ ಎಳೆಯುತ್ತದೆ. ಬೆರಳಲ್ಲಿ ಇದ್ದರೆ ಬೆರಳು ಮಡಚಿಕೊಳ್ಳುತ್ತದೆ. ಜಡೆ ಹಾಕಲು, ಮಗು ಎತ್ತಲು, ಪೆನ್ಸಿಲ್ ಹಿಡಿಯಲು ಆಗುವುದಿಲ್ಲ. ದುಡಿಯುವ ಕೈ ನಿಂತುಹೋಗುತ್ತದೆ. ಆದ್ದರಿಂದ ಇದು ಬರೀ ಚಂದದ ಮಾತಲ್ಲ. ಅನ್ನದ ಮಾತು.

ಯಾರಿಗೆ ಹೆಚ್ಚು? ಗಾಯ 2 ವಾರದ ಒಳಗೆ ಆರಿದರೆ ಸಾಮಾನ್ಯವಾಗಿ ಕಲೆ ಉಬ್ಬುವುದಿಲ್ಲ. 3 ವಾರ ದಾಟಿದರೆ ಉಬ್ಬುವ ಸಂಭವ ಹೆಚ್ಚು. ಗಾಯ ಕೀತರೆ ಇನ್ನೂ ಹೆಚ್ಚು. ಮಕ್ಕಳು, ಪ್ರಾಯದವರು, ನಮ್ಮ ಹಾಗೆ ಕಂದು ಮೈಬಣ್ಣದವರು ಹೆಚ್ಚು ಎಚ್ಚರ ಇರಬೇಕು.

ಕೆಲವರಲ್ಲಿ ಕಲೆ ಗಾಯದ ಗಡಿಯನ್ನೂ ದಾಟಿ ಬೆಳೆಯುತ್ತದೆ. ಇದಕ್ಕೆ ಕೀಲಾಯ್ಡ್ ಎಂದು ಹೆಸರು. ಇದನ್ನು ವೈದ್ಯರಿಗೇ ತೋರಿಸಬೇಕು.

ಕಬ್ಬಿಣ ಕಾದಾಗಲೇ ಬಡಿಯಬೇಕು

ಈ ಗಾದೆ ನಮ್ಮ ಊರಿನವರಿಗೆ ಹೇಳಿಕೊಡಬೇಕಿಲ್ಲ. ಕಾದ ಕಬ್ಬಿಣ ಬಗ್ಗುತ್ತದೆ. ಆರಿದ ಕಬ್ಬಿಣ ಬಗ್ಗುವುದಿಲ್ಲ.

ಸುಟ್ಟ ಕಲೆಗೂ ಒಂದು ಕಾಲ ಇದೆ. ಗಾಯ ಆರಿದ ಮೇಲೆ 1 ರಿಂದ 3 ತಿಂಗಳಲ್ಲಿ ಕಲೆ ಉಬ್ಬಲು ಶುರು ಮಾಡುತ್ತದೆ. ಸುಮಾರು 6 ತಿಂಗಳವರೆಗೆ ಬೆಳೆಯಬಹುದು. ಆಮೇಲೆ ನಿಧಾನವಾಗಿ ತಣ್ಣಗಾಗುತ್ತದೆ. ಪೂರ್ತಿ ಹಣ್ಣಾಗಲು ಒಂದರಿಂದ ಎರಡು ವರ್ಷ ಬೇಕು. ಕೆಂಪಾಗಿ, ನವೆ ಇರುವ ತನಕ ಕಲೆ ಇನ್ನೂ "ಕಾದ ಕಬ್ಬಿಣ". ಆಗ ನಾವು ಹೇಳಿದ ಮಾತು ಕೇಳುತ್ತದೆ. ಬಿಳಿಚಿಕೊಂಡು ಗಟ್ಟಿಯಾದ ಮೇಲೆ ಕೇಳುವುದು ಕಡಿಮೆ. ಕೈ ಮಡಚಿಯೇ ಉಳಿದರೆ ಆಮೇಲೆ ಆಪರೇಷನ್ ಬೇಕಾಗಬಹುದು.

ಅದಕ್ಕೇ ನಾವು ಹೇಳುವುದು: ಗಾಯ ಆರಿದ ಮೇಲಿನ ಮೊದಲ ವರ್ಷವನ್ನು ಕಳೆದುಕೊಳ್ಳಬೇಡಿ.

ತಡೆಯುವುದು ಮೊದಲ ಗಳಿಗೆಯಿಂದ

ಗಾಯ ಆಳಕ್ಕೆ ಇಳಿಯದಿದ್ದರೆ ಕಲೆಯೂ ಕಡಿಮೆ. ಆದ್ದರಿಂದ ಸುಟ್ಟ ತಕ್ಷಣ ಹೀಗೆ ಮಾಡಿ.

ಬೆಂಕಿ ಹತ್ತಿದರೆ ಓಡಬೇಡಿ. ನೆಲಕ್ಕೆ ಬಿದ್ದು ಉರುಳಿ. ಹತ್ತಿರ ಇದ್ದವರು ದಪ್ಪ ಹತ್ತಿ ಕಂಬಳಿ ಅಥವಾ ಜಮಖಾನ ಹೊದಿಸಿ ಬೆಂಕಿ ಆರಿಸಲಿ.

ಸುಟ್ಟ ಜಾಗಕ್ಕೆ ತಣ್ಣೀರು ಬಿಡಿ. ನಲ್ಲಿಯ ನೀರು ಹರಿಯುತ್ತಾ ಇರಲಿ. 20 ನಿಮಿಷ. ಗಡಿಯಾರ ನೋಡಿಕೊಳ್ಳಿ. ನಲ್ಲಿಯಲ್ಲಿ ನೀರು ಬಾರದಿದ್ದರೆ ಚೊಂಬಿನಿಂದ ಹುಯ್ಯುತ್ತಾ ಇರಿ. ಸುಟ್ಟು 3 ಗಂಟೆಯ ಒಳಗೆ ನೀರು ಬಿಟ್ಟರೂ ಪ್ರಯೋಜನ ಇದೆ. ಐಸ್ ಇಡಬೇಡಿ. ಮಗುವಿಗೆ ನೀರು ಬಿಡುವಾಗ ಉಳಿದ ಮೈ ಬೆಚ್ಚಗೆ ಇರಲಿ. ಮೈ ತುಂಬಾ ಸುಟ್ಟಿದ್ದರೆ ನೀರು ಹಾಕುತ್ತಲೇ ಆಂಬುಲೆನ್ಸ್ ಕರೆಸಿ.

ಬಳೆ, ಉಂಗುರ, ಕಾಲುಂಗುರ, ಗೆಜ್ಜೆ ಬೇಗ ಬಿಚ್ಚಿ. ಊತ ಬಂದ ಮೇಲೆ ಬರುವುದಿಲ್ಲ.

ಗುಳ್ಳೆ ಒಡೆಯಬೇಡಿ. ಟೂತ್‌ಪೇಸ್ಟು, ಇಂಕು, ಸಗಣಿ, ಅರಿಶಿನ, ಬೂದಿ, ಎಣ್ಣೆ ಯಾವುದನ್ನೂ ಹಚ್ಚಬೇಡಿ. ಇವು ಗಾಯ ಕೀವಾಗಲು ದಾರಿ ಮಾಡುತ್ತವೆ. ಕೀತ ಗಾಯ ತಡವಾಗಿ ಆರುತ್ತದೆ. ತಡವಾಗಿ ಆರಿದ ಗಾಯ ಉಬ್ಬುತ್ತದೆ. ಒಗೆದ ಹತ್ತಿ ಬಟ್ಟೆ ಸಡಿಲವಾಗಿ ಹೊದಿಸಿ, ಆಸ್ಪತ್ರೆಗೆ ಹೋಗಿ.

ಆಸ್ಪತ್ರೆಯಲ್ಲಿ "ಚರ್ಮ ಕಸಿ ಮಾಡಬೇಕು" ಎಂದರೆ ಹೆದರಿ ಮನೆಗೆ ಬರಬೇಡಿ. ತೊಡೆಯ ಚರ್ಮ ತೆಗೆದು ಗಾಯದ ಮೇಲೆ ಹಾಕುತ್ತಾರೆ. ಗಾಯ ಬೇಗ ಮುಚ್ಚುತ್ತದೆ.

ಮನೆಯಲ್ಲಿ ಮಾಡುವ ಐದು ಆರೈಕೆ

ಇವನ್ನು ಗಾಯ ಪೂರ್ತಿ ಆರಿದ ಮೇಲೆ ಮಾಡಬೇಕು. ನೀರು ಒಸರುವ, ಹಸಿಯಾದ ಗಾಯದ ಮೇಲೆ ಎಣ್ಣೆ ತಿಕ್ಕಬಾರದು, ಹಾಳೆ ಅಂಟಿಸಬಾರದು. ಚಾಚುವ ಅಭ್ಯಾಸ ಮಾತ್ರ ಆಸ್ಪತ್ರೆಯಲ್ಲೇ ಶುರುವಾಗುತ್ತದೆ. ವೈದ್ಯರು ಹೇಳಿದ ದಿನದಿಂದ ಅದನ್ನು ಬಿಡಬೇಡಿ.

ಒಂದು: ಎಣ್ಣೆ ಹಚ್ಚಿ ತಿಕ್ಕುವುದು

ಆಳವಾಗಿ ಸುಟ್ಟ ಚರ್ಮದಲ್ಲಿ ಎಣ್ಣೆ, ಬೆವರು ಬರುವುದು ಕಡಿಮೆ. ಅದಕ್ಕೇ ಒಣಗುತ್ತದೆ, ಬಿರಿಯುತ್ತದೆ, ನವೆಯಾಗುತ್ತದೆ. ಶುದ್ಧ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ. ಸುವಾಸನೆ ಬೆರೆಸಿದ್ದು ಬೇಡ.

ಬೆರಳಿನ ಮೆತ್ತನೆ ತುದಿಯಿಂದ ಕಲೆಯನ್ನು ಒತ್ತಿ. ಎಷ್ಟು ಒತ್ತಬೇಕು? ಕಲೆಯ ಬಣ್ಣ ಸ್ವಲ್ಪ ಬಿಳಿಚಿಕೊಳ್ಳುವಷ್ಟು. ಒತ್ತಿ ಹಿಡಿದು ಸಣ್ಣ ಸುತ್ತು ಸುತ್ತಿ. ಒಂದು ಸಲಕ್ಕೆ 10 ನಿಮಿಷ. ದಿನಕ್ಕೆ 3 ಅಥವಾ 4 ಸಲ. ಹೊಸ ಚರ್ಮ ತೆಳ್ಳಗೆ ಇರುತ್ತದೆ. ಮೊದಲು ಹಗುರವಾಗಿ ಶುರು ಮಾಡಿ. ಗುಳ್ಳೆ ಎದ್ದರೆ, ಚರ್ಮ ಒಡೆದರೆ ನಿಲ್ಲಿಸಿ. ಆರಿದ ಮೇಲೆ ಮತ್ತೆ ಮಾಡಿ. ಇದರಿಂದ ನವೆ ಕಡಿಮೆಯಾಗುತ್ತದೆ. ಚರ್ಮ ಮೆತ್ತಗಾಗುತ್ತದೆ.

ಎರಡು: ಚಾಚುವುದು

ಸುಟ್ಟವರು ನೋವಿಗೆ ಕೈ ಮಡಚಿಟ್ಟುಕೊಳ್ಳುತ್ತಾರೆ. ಹಾಗೆ ಇದ್ದರೆ ಹಾಯ್ ಅನಿಸುತ್ತದೆ. ಆದರೆ ಹಾಯಾಗಿರುವ ಆ ಭಂಗಿಯಲ್ಲೇ ಚರ್ಮ ಬಿಗಿದುಕೊಳ್ಳುತ್ತದೆ. ಇದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳಿ.

ಕುತ್ತಿಗೆ ಮುಂದೆ ಸುಟ್ಟಿದ್ದರೆ ತಲೆದಿಂಬು ಬೇಡ. ಗದ್ದ ಮೇಲೆತ್ತಿ ಮಲಗಿ.
ಕಂಕುಳ ಸುಟ್ಟಿದ್ದರೆ ತೋಳನ್ನು ಮೈಗೆ ಅಂಟಿಸಬೇಡಿ. ಪಕ್ಕಕ್ಕೆ ಚಾಚಿಡಿ.
ಮೊಣಕೈ ಒಳಗೆ, ಮೊಣಕಾಲ ಹಿಂದೆ ಸುಟ್ಟಿದ್ದರೆ ನೇರವಾಗಿ ಇಡಿ.
ಅಂಗೈ ಸುಟ್ಟಿದ್ದರೆ ಬೆರಳು ಪೂರಾ ಬಿಡಿಸಿ.
ಕೈಯ ಹಿಂಬದಿ ಸುಟ್ಟಿದ್ದರೆ ನಿಧಾನವಾಗಿ ಮುಷ್ಟಿ ಕಟ್ಟಿ.

ರಾತ್ರಿ ನಿದ್ದೆಯಲ್ಲಿ ಕೈ ಮಡಚದ ಹಾಗೆ ಆಸ್ಪತ್ರೆಯಲ್ಲಿ ಒಂದು ಆಸರೆ ಪಟ್ಟಿ ಕೊಡುತ್ತಾರೆ. ಅದನ್ನು ಸ್ಪ್ಲಿಂಟ್ ಅನ್ನುತ್ತಾರೆ. ಕಟ್ಟಿಕೊಂಡೇ ಮಲಗಿ.

ಚಾಚುವಾಗ ಎಳೆತ ಗೊತ್ತಾಗಬೇಕು. ಚರ್ಮ ಹರಿಯಬಾರದು. ಎಣ್ಣೆ ತಿಕ್ಕಿದ ತಕ್ಷಣ ಚಾಚಿದರೆ ಸುಲಭ. ನಮ್ಮ ಮನೆಗೆಲಸವೂ ವ್ಯಾಯಾಮ ಆಗುತ್ತದೆ. ಹಿಟ್ಟು ನಾದುವುದು, ಬಟ್ಟೆ ಹಿಂಡುವುದು, ತಂತಿಗೆ ಬಟ್ಟೆ ಹರವುವುದು, ರಂಗೋಲಿ ಬಿಡುವುದು. ಅಕ್ಷರ ಬರೆಯುವುದೂ ಬೆರಳಿಗೆ ಒಳ್ಳೆಯ ವ್ಯಾಯಾಮ!

ಮೂರು: ಬಿಗಿ ಉಡುಪು

ಇದು ರಬ್ಬರಿನ ಹಾಗೆ ಹಿಗ್ಗುವ ಬಟ್ಟೆಯ ಉಡುಪು. ಕೈಗವಸು, ತೋಳು, ಕಾಲುಚೀಲ, ಕುಪ್ಪಸ ಹೀಗೆ ಬೇಕಾದ ಆಕಾರದಲ್ಲಿ ಇರುತ್ತದೆ. ಮೈ ಅಳತೆ ತೆಗೆದು ಮಾಡಿಸಬೇಕು. ಆಸ್ಪತ್ರೆಯಲ್ಲಿ "ಪ್ರೆಶರ್ ಗಾರ್ಮೆಂಟ್" ಎಂದು ಕೇಳಿ. 1970ರ ಸುಮಾರಿಗೆ ಅಮೆರಿಕದ ಟೆಕ್ಸಾಸಿನ ವೈದ್ಯರು ಇದನ್ನು ಸುಟ್ಟ ಕಲೆಗೆ ಬಳಕೆಗೆ ತಂದರು. ಈಗ ನಮ್ಮ ದೇಶದಲ್ಲೂ ಮಾಡುತ್ತಾರೆ.

ಕಲೆಯ ಮೇಲೆ ಸದಾ ಒತ್ತಡ ಇದ್ದರೆ ಅದು ಹೆಚ್ಚು ಉಬ್ಬುವುದಿಲ್ಲ. ದಿನಕ್ಕೆ 23 ಗಂಟೆ ತೊಡಬೇಕು. ಸ್ನಾನ ಮಾಡಲು, ಎಣ್ಣೆ ತಿಕ್ಕಲು ಮಾತ್ರ ತೆಗೆಯಬೇಕು. 6 ತಿಂಗಳಿಂದ ಒಂದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಬೇಕು. ಎರಡು ಜೊತೆ ಇದ್ದರೆ ಒಂದು ಒಗೆದು ಒಂದು ತೊಡಬಹುದು. 2–3 ತಿಂಗಳಿಗೆ ಬಟ್ಟೆ ಸಡಿಲ ಆಗುತ್ತದೆ. ಬದಲಿಸಬೇಕು. ಬೆಳೆಯುವ ಮಕ್ಕಳಿಗೆ ಮತ್ತೆ ಮತ್ತೆ ಅಳತೆ ತೆಗೆಸಬೇಕು.

ಸೆಕೆಗೆ ಇದು ಕಷ್ಟ. ಬೆವರುತ್ತದೆ. ಅದು ನಿಜ. ಆದರೆ "ಇವತ್ತು ಬೇಡ, ನಾಳೆ" ಅಂದರೆ ಕಲೆ ಕಾಯುವುದಿಲ್ಲ.

ಮನೆಯಲ್ಲಿ ಹಳೆ ಬಟ್ಟೆಯಿಂದ ಬಿಗಿಯಾಗಿ ಕಟ್ಟಬೇಡಿ. ಅಲ್ಲಿ ಜಾಸ್ತಿ, ಇಲ್ಲಿ ಕಮ್ಮಿ ಆಗುತ್ತದೆ. ಬೆರಳು ನೀಲಿಯಾದರೆ, ಜೋಮು ಹಿಡಿದರೆ ತಕ್ಷಣ ತೆಗೆಯಿರಿ.

ನಾಲ್ಕು: ಸಿಲಿಕೋನ್ ಹಾಳೆ

ಇದು ಮೆತ್ತಗೆ, ಅಂಟಂಟಾಗಿ ಇರುವ ತೆಳು ಹಾಳೆ. 1980ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ನಗರದ ಮಕ್ಕಳ ಆಸ್ಪತ್ರೆಯವರು ಇದನ್ನು ಸುಟ್ಟ ಕಲೆಗೆ ಬಳಸಿ ವರದಿ ಬರೆದರು. ಇದು ಒತ್ತುವುದಿಲ್ಲ. ಚರ್ಮದ ತೇವ ಆರದ ಹಾಗೆ ಮುಚ್ಚಿ ಕಾಪಾಡುತ್ತದೆ. ಕಲೆ ನಿಧಾನವಾಗಿ ಮೆತ್ತಗಾಗುತ್ತದೆ.

ಮೊದಲ ದಿನ 2–3 ಗಂಟೆ ಇಡಿ. ದಿನ ದಿನ ಹೆಚ್ಚಿಸಿ. ಕೊನೆಗೆ ದಿನಕ್ಕೆ ಕಡಿಮೆ ಎಂದರೆ 12 ಗಂಟೆ ಇರಬೇಕು. 2–3 ತಿಂಗಳಾದರೂ ಬಿಡದೆ ಮಾಡಬೇಕು. ಹಾಳೆಯನ್ನು ದಿನಾ ಸೋಪು ನೀರಿನಲ್ಲಿ ತೊಳೆದು, ಆರಿಸಿ, ಮತ್ತೆ ಬಳಸಿ. ಎಣ್ಣೆ ಇದ್ದರೆ ಅಂಟುವುದಿಲ್ಲ, ಒರೆಸಿ ಹಚ್ಚಿ. ಸಣ್ಣ ಗುಳ್ಳೆ ಎದ್ದರೆ ಒಂದೆರಡು ದಿನ ಬಿಡಿ. ಮುಖಕ್ಕೆ, ಕೀಲುಗಳಿಗೆ ಟ್ಯೂಬಿನಲ್ಲಿ ಬರುವ ಸಿಲಿಕೋನ್ ಜೆಲ್ ಸಿಗುತ್ತದೆ.

ಇದರ ಬೆಲೆ ಕಡಿಮೆ ಏನಲ್ಲ. ಕೊಳ್ಳುವ ಮೊದಲು ವೈದ್ಯರನ್ನು ಕೇಳಿ. ದುಡ್ಡು ಇಲ್ಲದಿದ್ದರೆ ಎದೆಗುಂದಬೇಡಿ. ಎಣ್ಣೆ ತಿಕ್ಕುವುದಕ್ಕೆ, ಚಾಚುವುದಕ್ಕೆ ಹೆಚ್ಚು ಖರ್ಚಿಲ್ಲ. ಅವೆರಡನ್ನು ಬಿಡದೆ ಮಾಡಿ.

ಐದು: ಬಿಸಿಲಿನಿಂದ ಕಾಪಾಡುವುದು

ಹೊಸ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಕಪ್ಪಾಗುತ್ತದೆ. ಒಂದು ವರ್ಷವಾದರೂ ಕೊಡೆ, ಸೆರಗು, ತುಂಬು ತೋಳಿನ ರವಿಕೆ ಬಳಸಿ. ನವೆಯಾದರೆ ಉಗುರಿನಿಂದ ಕೆರೆಯಬೇಡಿ. ಅಂಗೈಯಿಂದ ತಟ್ಟಿ. ತಣ್ಣನೆ ಒದ್ದೆ ಬಟ್ಟೆ ಇಡಿ. ಉಗುರು ಕತ್ತರಿಸಿಕೊಳ್ಳಿ. ನಿದ್ದೆ ಬಾರದಷ್ಟು ನವೆ ಇದ್ದರೆ ವೈದ್ಯರು ಮಾತ್ರೆ ಕೊಡುತ್ತಾರೆ.

ನಿಜ ಹೇಳಬೇಕು

ಈ ಐದೂ ಮಾಡಿದರೆ ಕಲೆ ಪೂರ್ತಿ ಮಾಯವಾಗುತ್ತದೆಯೇ? ಇಲ್ಲ. ಹಾಗೆ ಹೇಳುವವರನ್ನು ನಂಬಬೇಡಿ. ಗುಣ ಎಲ್ಲರಿಗೂ ಒಂದೇ ಸಮ ಕಾಣುವುದಿಲ್ಲ. ಆದರೆ ಉಬ್ಬು ತಗ್ಗುತ್ತದೆ. ನವೆ ಕಡಿಮೆಯಾಗುತ್ತದೆ. ಕೈಕಾಲು ಚಾಚಲು ಬರುತ್ತದೆ. ಅದೇ ದೊಡ್ಡ ಗೆಲುವು.

ಅಂಗಡಿಯಲ್ಲಿ "ಬೆಳ್ಳಗೆ ಮಾಡುವ" ಮುಲಾಮು ತಂದು ನಾವೇ ಹಚ್ಚಿಕೊಳ್ಳಬಾರದು. ಕೆಲವದರಲ್ಲಿ ಸ್ಟೀರಾಯ್ಡ್ ಎಂಬ ಬಲವಾದ ಔಷಧಿ ಇರುತ್ತದೆ. ನಿಂಬೆರಸ, ಸುಣ್ಣ ಹಚ್ಚಬಾರದು. ಹಳೆಯ ಕಲೆಯಲ್ಲಿ ಆರದ ಹುಣ್ಣು ಎದ್ದರೆ ತಡ ಮಾಡದೆ ತೋರಿಸಿ. ವರ್ಷಗಳ ನಂತರ ಅಂಥ ಹುಣ್ಣು ಕ್ಯಾನ್ಸರ್ ಆಗುವುದೂ ಉಂಟು.

ಎಲ್ಲಿಗೆ ಹೋಗಬೇಕು?

ಸುಟ್ಟ ತಕ್ಷಣ 108ಕ್ಕೆ ಫೋನ್ ಮಾಡಿ. 2008ರಿಂದ ನಮ್ಮ ರಾಜ್ಯದಲ್ಲಿ ಈ ಆಂಬುಲೆನ್ಸ್ ಇದೆ. ದುಡ್ಡು ಕೊಡಬೇಕಿಲ್ಲ. ಭದ್ರಾವತಿಯಲ್ಲಿ ಸರ್ಕಾರಿ ತಾಲ್ಲೂಕು ಆಸ್ಪತ್ರೆ ಇದೆ. ಸುಮಾರು 20 ಕಿಲೋಮೀಟರ್ ದೂರದ ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆ ಇದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟವರಿಗಾಗಿಯೇ ಬೇರೆ ವಿಭಾಗ ಇದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ಜೊತೆಗಿರಲಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ ಎಂದು ಕೇಳಿ.

ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ಸುಮ್ಮನೆ ಬರಬೇಡಿ. ಈ ನಾಲ್ಕು ಮಾತು ಕೇಳಿಯೇ ಬನ್ನಿ:

"ಡಾಕ್ಟ್ರೇ, ನನ್ನ ಗಾಯ ಉಬ್ಬಬಹುದಾ?"
"ಎಣ್ಣೆ ತಿಕ್ಕೋದು ಯಾವತ್ತು ಶುರು ಮಾಡ್ಲಿ?"
"ನಂಗೆ ಬಿಗಿ ಉಡುಪು ಬೇಕಾ? ಎಲ್ಲಿ ಸಿಗುತ್ತೆ?"
"ಮತ್ತೆ ಯಾವ ತಾರೀಕಿಗೆ ಬರ್ಲಿ?"

ಕೇಳಲು ಹಿಂಜರಿಕೆಯೇ? ಚೀಟಿಯಲ್ಲಿ ಬರೆದುಕೊಂಡು ಹೋಗಿ. ಈಗ ನಮಗೆ ಬರೆಯಲು ಬರುತ್ತದಲ್ಲ!

ನಾಚಿಕೆ ಬೇಡ

ನಮ್ಮ ಕಲಿಕಾ ಕೇಂದ್ರಗಳಿಗೆ ಬರುವ ಕೆಲವು ಅಕ್ಕಂದಿರು ಒಂದು ಕೈಯನ್ನು ಸೆರಗಿನ ಒಳಗೇ ಇಟ್ಟುಕೊಂಡು ಕೂರುತ್ತಾರೆ. ಮದುವೆಗೆ ಹೋಗುವುದಿಲ್ಲ. ಜಾತ್ರೆಗೆ ಹೋಗುವುದಿಲ್ಲ. "ನನ್ನ ಕರ್ಮ" ಅನ್ನುತ್ತಾರೆ. ಸುಟ್ಟ ಕಲೆ ಕರ್ಮ ಅಲ್ಲ. ಅಂಟುರೋಗವೂ ಅಲ್ಲ. ಅದು ದೇಹ ಹಾಕಿಕೊಂಡ ಹೊಲಿಗೆ. ಸೆರಗಿನ ಒಳಗೆ ಮಡಚಿಟ್ಟ ಕೈ ಮಡಚಿಕೊಂಡೇ ಉಳಿಯುತ್ತದೆ. ಹೊರಗೆ ತೆಗೆಯಿರಿ. ಚಾಚಿ.

ಇನ್ನೊಂದು ಮಾತು ಕೇಳುತ್ತೇವೆ. "ಇಷ್ಟಕ್ಕೆಲ್ಲ ಪುರುಸೊತ್ತು ಎಲ್ಲಿದೆ ಟೀಚರ್?" ನಿಜ. ನಮಗೆ ಪುರುಸೊತ್ತು ಯಾರೂ ಕೊಡುವುದಿಲ್ಲ. ಹಾಗಾದರೆ ಲೆಕ್ಕ ಹಾಕೋಣ. 10 ನಿಮಿಷ, 4 ಸಲ. ಒಟ್ಟು 40 ನಿಮಿಷ. ಇಡೀ ಮನೆಗೆ ದುಡಿಯುವ ಕೈಗೆ ಮನೆಯವರು ದಿನಕ್ಕೆ 40 ನಿಮಿಷ ಬಿಡಬೇಕು. ಬೆನ್ನಿಗೆ ಎಣ್ಣೆ ತಿಕ್ಕಲು ಇನ್ನೊಬ್ಬರ ಕೈ ಬೇಕು. ಅತ್ತೆ ಮಾಡಬಹುದು. ಮಗಳು ಮಾಡಬಹುದು. ಗಂಡನೂ ಮಾಡಬಹುದು. ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಕೊನೆಗೆ ಒಂದು ಕಷ್ಟದ ಮಾತು. ಎಲ್ಲಾ ಸುಟ್ಟಗಾಯವೂ ಆಕಸ್ಮಿಕ ಅಲ್ಲ. ಯಾರಾದರೂ ಸುಟ್ಟಿದ್ದರೆ, ಸುಡುತ್ತೇನೆ ಎಂದು ಹೆದರಿಸಿದ್ದರೆ, "ಸ್ಟೋವ್ ಸಿಡೀತು" ಅಂತ ಸುಳ್ಳು ಹೇಳಬೇಡಿ. ಮಹಿಳಾ ಸಹಾಯವಾಣಿ 181. ಪೊಲೀಸ್ ಸಹಾಯಕ್ಕೆ 112. ಮನೆಯೊಳಗಿನ ಹಿಂಸೆಯಿಂದ ಹೆಣ್ಣನ್ನು ಕಾಪಾಡಲು 2005ರಲ್ಲೇ ಕಾನೂನು ಆಗಿದೆ.

ಅಭ್ಯಾಸ

ಹೊಸ ಮಾತುಗಳನ್ನು ಓದಿ:
ಕಲೆ – ಗಾಯ ಆರಿದ ಮೇಲೆ ಉಳಿಯುವ ಗುರುತು
ಬಿಗಿ ಉಡುಪು – ಕಲೆಯನ್ನು ಒತ್ತಿ ಹಿಡಿಯುವ ಬಟ್ಟೆ
ಚರ್ಮ ಕಸಿ – ಬೇರೆ ಜಾಗದ ಚರ್ಮ ತೆಗೆದು ಗಾಯಕ್ಕೆ ಹಾಕುವುದು
ಸ್ಪ್ಲಿಂಟ್ – ಕೈಕಾಲು ಮಡಚದ ಹಾಗೆ ಕಟ್ಟುವ ಆಸರೆ

ಉತ್ತರ ಹೇಳಿ:
1. ಸುಟ್ಟ ತಕ್ಷಣ ಎಷ್ಟು ನಿಮಿಷ ನೀರು ಬಿಡಬೇಕು?
2. ಗಾಯ ಎಷ್ಟು ವಾರ ದಾಟಿದರೆ ಉಬ್ಬುವ ಸಂಭವ ಹೆಚ್ಚು?
3. ಕುತ್ತಿಗೆ ಸುಟ್ಟವರು ತಲೆದಿಂಬು ಏಕೆ ಇಡಬಾರದು?
4. ಯಾವ ಎರಡು ಆರೈಕೆಗೆ ಹೆಚ್ಚು ಖರ್ಚಿಲ್ಲ?

ಲೆಕ್ಕ ಮಾಡಿ:
ದಿನಕ್ಕೆ 24 ಗಂಟೆ. ಬಿಗಿ ಉಡುಪು ತೊಡುವುದು 23 ಗಂಟೆ. ಸ್ನಾನಕ್ಕೆ, ಎಣ್ಣೆಗೆ ಉಳಿಯುವುದು ____ ಗಂಟೆ.

ಬಿಟ್ಟ ಜಾಗ ತುಂಬಿ:
ಕಬ್ಬಿಣ ________ ಬಡಿಯಬೇಕು.
ಹಾಯಾಗಿರುವ ಭಂಗಿಯಲ್ಲೇ ಚರ್ಮ ________.

ಬರೆಯೋಣ:
ನಿಮ್ಮ ಬೀದಿಯಲ್ಲಿ ಸುಟ್ಟಗಾಯ ಆರಿ ಒಂದು ವರ್ಷ ಆಗದವರು ಯಾರಾದರೂ ಇದ್ದಾರೆಯೇ? ಅವರ ಮನೆಗೆ ಹೋಗಿ. ಈ ಪಾಠವನ್ನು ಗಟ್ಟಿಯಾಗಿ ಓದಿ ಹೇಳಿ. ಅವರು ಡಾಕ್ಟರಿಗೆ ಕೇಳಬೇಕಾದ ನಾಲ್ಕು ಮಾತನ್ನು ಒಂದು ಚೀಟಿಯಲ್ಲಿ ನಿಮ್ಮ ಕೈಯಾರೆ ಬರೆದು ಕೊಡಿ.